ಹರಿದಾಡಿದ ವಿಡಿಯೊ, ಕಾಣದ ಕರ್ತೃ: ಹಾಸನದ ಸುದ್ದಿಭಾಷೆಯ ಒಂದು ವಿಮರ್ಶೆ

ಸುದ್ದಿಯ ವಿಚಾರಧಾರೆಯು ಅಭಿಪ್ರಾಯಗಳಿಗಿಂತ ಹೆಚ್ಚಾಗಿ ವಾಕ್ಯರಚನೆಯಲ್ಲಿ ನೆಲೆಸಿರುತ್ತದೆ ಎಂಬುದು ರೋಜರ್ ಫೌಲರ್ ಮೊದಲಾದವರು 1979ರಿಂದ ಮಂಡಿಸಿದ ವಾದ. ಅವರ ಇಂಗ್ಲಿಷ್ ನಿದರ್ಶನಗಳಲ್ಲಿ ಕರ್ತೃವನ್ನು ಮರೆಮಾಡುವ ಮುಖ್ಯ ಸಾಧನಗಳು ಕರ್ಮಣಿ ಪ್ರಯೋಗ ಮತ್ತು ನಾಮೀಕರಣ. ಈ ಮಾದರಿಯನ್ನು ಯಥಾವತ್ತಾಗಿ ಅನ್ವಯಿಸಿ ‘ಅಲ್ಪಡು’ ರೂಪಗಳನ್ನಷ್ಟೇ ಹುಡುಕುವ ಅಧ್ಯಯನಕ್ಕೆ ಕನ್ನಡದಲ್ಲಿ ದೊರೆಯುವುದು ಅತ್ಯಲ್ಪ. ಕನ್ನಡವು ಕರ್ತೃವನ್ನು ಅಳಿಸುವ ಬಗೆಯೇ ಬೇರೆ ಎಂಬುದು ನಮ್ಮ ನಿಲುವು.

ಹಾಸನ ಲೋಕಸಭಾ ಕ್ಷೇತ್ರದಲ್ಲಿ 2024ರ ಏಪ್ರಿಲ್ 26ರಂದು ಮತದಾನ ನಡೆಯಿತು. ಅದರ ಆಸುಪಾಸಿನಲ್ಲಿ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರ ವಿರುದ್ಧ ಲೈಂಗಿಕ ದೌರ್ಜನ್ಯದ ಆರೋಪಗಳು ಬೆಳಕಿಗೆ ಬಂದವು. ಮಾಧ್ಯಮಗಳಲ್ಲಿ ರೂಢಿಗೆ ಬಂದ ಹೆಸರು ಮಾತ್ರ ‘ಹಾಸನ ಪೆನ್‌ಡ್ರೈವ್ ಪ್ರಕರಣ’. ಈ ಸಮಾಸದಲ್ಲಿ ಊರಿದೆ, ವಸ್ತುವಿದೆ. ಕೃತ್ಯವೂ ಇಲ್ಲ, ಮನುಷ್ಯರೂ ಇಲ್ಲ. ‘ಅಶ್ಲೀಲ ವಿಡಿಯೊ’ ಎಂಬ ಇನ್ನೊಂದು ಹೆಸರು ಹಿಂಸೆಯ ಪ್ರಶ್ನೆಯನ್ನು ಸಭ್ಯತೆಯ ಪ್ರಶ್ನೆಯಾಗಿಸಿತು.

ಎರಡನೆಯದು ಅಕರ್ಮಕ ಕ್ರಿಯಾಪದ. ವಿಡಿಯೊಗಳು ‘ಹರಿದಾಡಿದವು’ ಎಂದಾಗ ಅವು ತಾವಾಗಿಯೇ ಚಲಿಸಿದಂತಾಗುತ್ತದೆ. ‘ಹಂಚಿದರು’ ಎಂದಿದ್ದರೆ ‘ಯಾರು?’ ಎಂಬ ಪ್ರಶ್ನೆ ಏಳುತ್ತಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ಪರಸ್ಪರ ಪರಿಚಯದ ಊರುಗಳಲ್ಲಿ ಆ ಹಂಚಿಕೆಯು ಮಹಿಳೆಯರಿಗಾದ ಎರಡನೆಯ ಗಾಯ.

ಮೂರನೆಯದು ‘ಸಂತ್ರಸ್ತೆ’. ಹೇಮಾವತಿ ಜಲಾಶಯದಿಂದ ನೆಲ ಕಳೆದುಕೊಂಡವರನ್ನೂ ಈ ಸೀಮೆ ‘ಮುಳುಗಡೆ ಸಂತ್ರಸ್ತರು’ ಎಂದೇ ಕರೆಯುತ್ತದೆ. ನೊಂದವರನ್ನು ಸೂಚಿಸುವ ಈ ಪದ ನೋಯಿಸಿದವರನ್ನು ಬೇಡುವುದಿಲ್ಲ. ಮನುಷ್ಯಕೃತ್ಯವೂ ನೆರೆಯಂತೆ ಒದಗಿಬಂದದ್ದೆನಿಸುತ್ತದೆ.

ಕಾನೂನು ದೂರುದಾರೆಯ ಗುರುತನ್ನು ಪ್ರಕಟಿಸಗೊಡದು, ತೀರ್ಪಿಗೆ ಮುನ್ನ ‘ಆರೋಪಿ’ ಎಂದೇ ಬರೆಯಬೇಕು ಎಂಬ ಆಕ್ಷೇಪ ಸಾಧುವಾದುದೇ. ಆದರೆ ಹೆಸರನ್ನು ಕಾಪಾಡುವುದು ಬೇರೆ, ಕ್ರಿಯೆಯನ್ನು ಅಳಿಸುವುದು ಬೇರೆ. ‘ಲೈಂಗಿಕ ದೌರ್ಜನ್ಯ ಆರೋಪ ಪ್ರಕರಣ’ ಎಂಬ ಹೆಸರು ಈ ಎರಡು ನಿಯಮಗಳನ್ನೂ ಮೀರುವುದಿಲ್ಲ.

2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಮನೆಗೆಲಸದ ಮಹಿಳೆಯೊಬ್ಬರು ನೀಡಿದ ದೂರಿನ ಅತ್ಯಾಚಾರ ಪ್ರಕರಣದಲ್ಲಿ ಪ್ರಜ್ವಲ್ ಅವರನ್ನು ದೋಷಿಯೆಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅಲ್ಲಿ ಆಕೆ ಸಾಕ್ಷಿ; ಅಂದರೆ ‘ನುಡಿದಳು’ ಎಂಬ ಕ್ರಿಯೆಯ ಕರ್ತೃ. ನ್ಯಾಯಾಲಯದ ವಾಕ್ಯದಲ್ಲಿ ದೊರೆತ ಈ ಕರ್ತೃಸ್ಥಾನ ಸುದ್ದಿಯ ವಾಕ್ಯದಲ್ಲಿ ಏಕೆ ದುರ್ಲಭ ಎಂಬುದನ್ನು ಕನ್ನಡದ ಮಾಧ್ಯಮಭಾಷಾ ಅಧ್ಯಯನ ಕೇಳಬೇಕಾಗಿದೆ. ಅದಕ್ಕೆ ಕರ್ಮಣಿ ಪ್ರಯೋಗಕ್ಕಿಂತ ಮೊದಲು ಸಮಾಸ ಮತ್ತು ಅಕರ್ಮಕಗಳನ್ನು ಪರಿಶೀಲಿಸುವುದು ಅಗತ್ಯ.