ಹತ್ತು ಓವರಿನಾಚೆಗಿನ ಸುನಿಲ್ ಜೋಶಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ಕಡೆಯ ಯಾವ ಚಾದ ಅಂಗಡಿಯಲ್ಲಿ ಸುನಿಲ್ ಜೋಶಿ ಹೆಸರು ತೆಗೆದರೂ ಎರಡೇ ಮಾತು ಬರ್ತಾವ. ಒಂದು, ನೈರೋಬಿ. ಇನ್ನೊಂದು, "ನಮ್ಮ ಕಡೆಯವ ಅಂತ ಬೇಕಂತ್ಲೇ ಹೊರಗ ಇಟ್ರು." ಗದಗ ನಮ್ಮ ಜಿಲ್ಲೆ ಅಲ್ಲ ಖರೆ. ಆದರೆ ಬೆಂಗಳೂರಿನ ಎದುರು ನಿಂತಾಗ ಗದಗ, ವಿಜಯಪುರ ಎಲ್ಲಾ ಒಂದೇ ಊರು. ಈ ಎರಡು ಮಾತುಗಳಿಂದಲೇ ಜೋಶಿ ಅವರ ಆಟ ಸಣ್ಣದಾಗಿ ಕಾಣ್ತದ ಅನ್ನೋದು ನನ್ನ ತಕರಾರು.

ಮೊದಲು ನೈರೋಬಿ. 1999ರ ಸೆಪ್ಟೆಂಬರ್ 26, ಎಲ್‌ಜಿ ಕಪ್, ಎದುರಿಗೆ ದಕ್ಷಿಣ ಆಫ್ರಿಕಾ. 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಗಿಬ್ಸ್, ಕ್ರೋನಿಯೆ, ರೋಡ್ಸ್ ಇದ್ದ ತಂಡ 117ಕ್ಕೆ ಆಲೌಟ್. ಟಿ20 ನೋಡಿ ಬೆಳೆದವರಿಗೆ ಇದು ಸ್ಕೋರ್‌ಕಾರ್ಡಿನಲ್ಲಿ ಬಗ್ ಇದ್ದಂಗ ಕಾಣಬಹುದು. ಎಲ್ಲರೂ ಆ ಐದು ವಿಕೆಟ್ ಹೇಳ್ತಾರೆ, ನನಗೆ ಆ ಆರು ಮೇಡನ್ ಮುಖ್ಯ. ರೋಡ್ಸ್ ಥರದ, ಒಂದೊಂದು ರನ್ ಕದಿಯೋದೇ ಕಸುಬಾದ ಬ್ಯಾಟ್ಸ್‌ಮನ್ ಇರೋ ತಂಡಕ್ಕೆ ಸಿಂಗಲ್ ಕೂಡ ಕೊಡದೇ ಇರೋದು ಒಂದು ದಿನದ ಅದೃಷ್ಟದಿಂದ ಆಗೋ ಕೆಲಸ ಅಲ್ಲ. ಅದು ರಣಜಿಯಲ್ಲಿ ಖಾಲಿ ಸ್ಟ್ಯಾಂಡುಗಳ ಮುಂದೆ ದಿನಗಟ್ಟಲೆ ಬೌಲಿಂಗ್ ಮಾಡಿ ಬಂದ ರೂಢಿ. ಅದನ್ನ ಪವಾಡ ಅಂದ್ರೆ ಆ ರೂಢಿಗೆ ಬೆಲೆ ಎಲ್ಲಿ ಉಳೀತು?

ಇನ್ನು ಅನ್ಯಾಯದ ಮಾತು. 15 ಟೆಸ್ಟ್, 41 ವಿಕೆಟ್, ಸರಾಸರಿ 35ರ ಮೇಲೆ. 69 ಒಂದು ದಿನದ ಪಂದ್ಯ, 69 ವಿಕೆಟ್. ಬೇಜಾರಾದರೂ ಹೇಳಲೇಬೇಕು: ಭಾರತದ ಸ್ಪಿನ್ನರ್‌ಗೆ ಇದು ಸಾಧಾರಣ ಲೆಕ್ಕ. ಒಂದು ತುದಿಯಲ್ಲಿ ಕುಂಬ್ಳೆ ಇದ್ದಾಗ ಇವರು ಬಹುತೇಕ ಎರಡನೆಯ, ಮೂರನೆಯ ಸ್ಪಿನ್ನರ್. ಕುಂಬ್ಳೆಯೂ ನಮ್ಮದೇ ರಾಜ್ಯದವರು ಅನ್ನೋದನ್ನ ಚಾದ ಅಂಗಡಿ ಜಾಣತನದಿಂದ ಮರೀತದ.

ಕುಂಬ್ಳೆ ಇಲ್ಲದಾಗ ಏನಾಯ್ತು? 2000ದ ನವೆಂಬರ್, ಢಾಕಾ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಬಾಂಗ್ಲಾ ಸರಿಯಾಗಿ 400 ಹೊಡೆದು ಕೂತಿತ್ತು. ಜೋಶಿ ಮೊದಲ ಇನಿಂಗ್ಸಿನಲ್ಲಿ 5, ಎರಡನೆಯದರಲ್ಲಿ 3 ವಿಕೆಟ್ ತೆಗೆದರು, ನಡುವೆ ಬ್ಯಾಟ್ ಹಿಡಿದು 92. ಸಚಿನ್, ದ್ರಾವಿಡ್, ಗಂಗೂಲಿ ಇದ್ದ ಇನಿಂಗ್ಸಿನಲ್ಲಿ ಅದೇ ಅತಿ ಹೆಚ್ಚಿನ ಸ್ಕೋರ್. ಪಂದ್ಯಶ್ರೇಷ್ಠ ಅವರೇ. ಅದೇ ತಿಂಗಳ ಜಿಂಬಾಬ್ವೆ ಸರಣಿಗೆ ಅವರ ಟೆಸ್ಟ್ ಆಟ ಮುಗೀತು. ನಾಲ್ಕೇ ತಿಂಗಳಿಗೆ ಆಸ್ಟ್ರೇಲಿಯಾ ಬಂತು. ಮುಂಬೈಗೆ ರಾಹುಲ್ ಸಾಂಘ್ವಿ, ಕೋಲ್ಕತ್ತಕ್ಕೆ ವೆಂಕಟಪತಿ ರಾಜು, ಚೆನ್ನೈಗೆ ನಿಲೇಶ್ ಕುಲಕರ್ಣಿ. ಮೂರು ಟೆಸ್ಟ್, ಮೂವರು ಎಡಗೈ ಸ್ಪಿನ್ನರ್. ನಮ್ಮ ಮಂದಿಯ ಸಿಟ್ಟಿಗೆ ಆಧಾರ ಬೇಕಿದ್ರೆ ಈ ಪಟ್ಟಿ ಅದ. ಆದರೆ ಆ ಸರಣಿಯಲ್ಲಿ 32 ವಿಕೆಟ್ ತೆಗೆದ ಹರ್ಭಜನ್ ಬಂದ ಮೇಲೆ ಬಾಗಿಲು ಹೆಂಗೂ ಮುಚ್ಚುತ್ತಿತ್ತು.

ಆಗ ಅವರಿಗೆ ವಯಸ್ಸು 30. ಕನಿಕರದ ಕಥೆ ಇಲ್ಲಿಗೆ ನಿಲ್ತದ. ಜೋಶಿ ನಿಲ್ಲಲಿಲ್ಲ. 2012ರಲ್ಲಿ ನಿವೃತ್ತಿ ಹೇಳೋ ಹೊತ್ತಿಗೆ 160 ಪ್ರಥಮ ದರ್ಜೆ ಪಂದ್ಯ, 615 ವಿಕೆಟ್, ಐದು ಸಾವಿರ ದಾಟಿದ ರನ್. 1995-96ರ ಒಂದೇ ರಣಜಿ ಹಂಗಾಮಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಆ ವರ್ಷ ಕರ್ನಾಟಕ ಚಾಂಪಿಯನ್. ಪ್ರಮೋಷನ್ ತಪ್ಪಿದ ಮರುದಿನ ಲಿಂಕ್ಡ್‌ಇನ್ ತೆರೆಯೋ ನಾವು ಈ ಹನ್ನೆರಡು ವರ್ಷಗಳನ್ನ ಸಲೀಸಾಗಿ ಸ್ಕಿಪ್ ಮಾಡ್ತೀವಿ. ವಿಮರ್ಶೆ ಮಾಡೋದಿದ್ರೆ ಅವರ ಮುಖ್ಯ ಕೃತಿ ಇದೇ, ನೈರೋಬಿ ಅದರ ಒಂದು ಪುಟ. ಆಮೇಲೆ ಕೋಚ್ ಆದರು, 2020ರಲ್ಲಿ ಕೆಲವು ತಿಂಗಳು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಬಿಟ್ಟವರ ಕುರ್ಚಿಯಲ್ಲೇ ಕೂತರು ಅಂತ ನಮ್ಮ ಮಂದಿ ಖುಷಿಪಟ್ಟಿದ್ದೂ ಆಯ್ತು.

ಸಿಟ್ಟು ಮಾಡೋದಿದ್ರೆ ಆಯ್ಕೆ ಮೇಜಿಗಿಂತ ಮೊದಲಿನ ದಾರಿ ಮೇಲೆ ಮಾಡಬೇಕು. ಹುಡುಗ ಜೋಶಿ ಬೆಳಿಗ್ಗೆ ಗದಗಿನಿಂದ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗಿ, ಶಾಲೆ ಹೊತ್ತಿಗೆ ವಾಪಸ್ ಬರ್ತಿದ್ದರು. ವಿಜಯಪುರದ ಇನ್ನೊಬ್ಬ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದಾಗ ನಮ್ಮ ಫ್ಯಾಮಿಲಿ ಗ್ರೂಪುಗಳಲ್ಲೆಲ್ಲ ಹೂವಿನ ಇಮೋಜಿ ಸುರಿದವು. ಆದರೆ ಇಂಡಿಯ ಹುಡುಗಿ ಅದೇ ಹುಬ್ಬಳ್ಳಿಗೆ ಹೋಗಬೇಕಂದ್ರೆ ದಾರಿ 200 ಕಿ.ಮೀ. ಮೀರ್ತದ. ಅಷ್ಟು ದೂರ ಹೋಗಿ ಮೊದಲ ಗಂಟೆಗೆ ಯಾವ ಶಾಲೆಗೂ ವಾಪಸ್ ಬರಲಿಕ್ಕೆ ಆಗೋದಿಲ್ಲ.