ಹನ್ನೆರಡು ಸೂತ್ರಗಳು: ಒಂದು ವಿವೇಚನೆ

ಒಂದೇ ಯಂತ್ರದ ಒಡಲಿನಲ್ಲಿ, ಒಬ್ಬನೇ ಬಳಕೆದಾರನ ಕಣ್ಣೆದುರಿಗೆ ನಡೆಯತಕ್ಕ ಪ್ರೋಗ್ರಾಮುಗಳನ್ನು ಬರೆದು ಕೈಪಳಗಿದವನು, ಎಲ್ಲಿಯೋ ಇರುವ ಸರ್ವರುಗಳ ಸಮೂಹದಲ್ಲಿ ಏಕಕಾಲಕ್ಕೆ ಸಹಸ್ರಾರು ಜನರಿಗೆ ಸೇವೆ ಸಲ್ಲಿಸತಕ್ಕ ಕ್ಲೌಡ್ ವೃತ್ತಿಗೆ ಹೊರಳಬೇಕೆಂದು ಸಂಕಲ್ಪಿಸಿದಾಗ, ಆ ವೃತ್ತಿಯ ಹಿರಿಯರು ಅವನ ಕೈಗೆ ಮೊದಲಲ್ಲಿಯೇ ಇಡುವ ಬರಹಗಳಲ್ಲಿ ‘ದ ಟ್ವೆಲ್ವ್-ಫ್ಯಾಕ್ಟರ್ ಆ್ಯಪ್’ ಎಂಬುದೂ ಒಂದು. ಹೆರೋಕು ಎಂಬ ಕ್ಲೌಡ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಆಡಮ್ ವಿಗ್ಗಿನ್ಸ್ ಅವರು 2011ರ ಸುಮಾರಿಗೆ, ತಮ್ಮ ಸಹೋದ್ಯೋಗಿಗಳ ಅನುಭವವನ್ನೂ ಒಳಗೊಳಿಸಿ ರಚಿಸಿದ ಈ ಕೃತಿ ಗಾತ್ರದಲ್ಲಿ ಅತ್ಯಲ್ಪವಾದದ್ದು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆದರೆ ಅದರ ಹನ್ನೆರಡು ವಿಧಿಗಳು ಇಂದು ಈ ಕ್ಷೇತ್ರದ ಶಿಷ್ಟಾಚಾರವೇ ಆಗಿಬಿಟ್ಟಿರುವುದರಿಂದ, ಹೊಸದಾಗಿ ಬರುವವನಿಗೆ ಅದು ಎಷ್ಟರಮಟ್ಟಿಗೆ ದಾರಿ ತೋರಬಲ್ಲದು, ಎಲ್ಲಿ ಕೈಬಿಡುತ್ತದೆ ಎಂಬುದನ್ನು ವಿಚಾರಿಸುವುದು ಉಚಿತ.

1991ರ ವಿಷುವಲ್ ಬೇಸಿಕ್, 1995ರ ಡೆಲ್ಫಿ, 2002ರ ಡಾಟ್‌ನೆಟ್ ಇವುಗಳ ಆಶ್ರಯದಲ್ಲಿ ಬೆಳೆದ ಒಂದು ಪೀಳಿಗೆಯೇ ಉಂಟು; ಬೆಂಗಳೂರಿನ ಕಚೇರಿಗಳಲ್ಲಿಯೂ ಆ ಪೀಳಿಗೆಯವರಿಗೆ ಕೊರತೆಯಿಲ್ಲ. 2006ರಲ್ಲಿ ಅಮೆಜಾನ್ ಸಂಸ್ಥೆಯು ಎಸ್3, ಇಸಿ2 ಎಂಬ ಸೇವೆಗಳನ್ನು ತೆರೆದು, ಶೇಖರಣೆಯನ್ನೂ ಗಣನಶಕ್ತಿಯನ್ನೂ ಬಳಸಿದಷ್ಟಕ್ಕೆ ಬಾಡಿಗೆ ತೆರುವ ಪದ್ಧತಿಯನ್ನು ರೂಢಿಗೆ ತಂದ ಮೇಲೆ, ಉದ್ಯೋಗಗಳೂ ಕ್ರಮೇಣ ಅತ್ತಲೇ ಸರಿದುವು. ಹೀಗೆ ಸರಿಯಬೇಕಾದವನಿಗೆ ಹೊಸ ಭಾಷೆಯನ್ನೋ ಹೊಸ ಉಪಕರಣವನ್ನೋ ಕಲಿಯುವುದು ದುಸ್ತರವಲ್ಲ. ಬಹುಕಾಲದಿಂದ ಬೇರೂರಿದ ಕೆಲವು ಊಹೆಗಳನ್ನು ಕಿತ್ತುಹಾಕುವುದೇ ಕಷ್ಟ. ಡೆಸ್ಕ್‌ಟಾಪಿನವನಿಗೆ ಯಂತ್ರವು ಸ್ವಂತ ಮನೆ. ಬೇಕಾದುದನ್ನು ಬೇಕಾದ ಮೂಲೆಯಲ್ಲಿರಿಸಿ, ನಾಳೆ ಬಂದರೂ ಅದು ಅಲ್ಲಿಯೇ ಇರುವುದೆಂದು ನೆಮ್ಮದಿಯಿಂದಿರಬಹುದು. ಕ್ಲೌಡಿನಲ್ಲಿ ಅದು ಛತ್ರ. ಇಂದು ತಂಗಿದ ಕೋಣೆ ನಾಳೆ ತನ್ನದಲ್ಲ.

ಈ ಭೇದವನ್ನು ಮನಸ್ಸಿಗೆ ನಾಟಿಸುವುದರಲ್ಲಿಯೇ ಈ ಸೂತ್ರಗಳ ಮುಖ್ಯ ಸಾಮರ್ಥ್ಯವಿದೆ. ಅವುಗಳ ಪೈಕಿ ಮೂರನ್ನು ಎತ್ತಿಕೊಂಡರೆ ಸಾಕು. ಡೇಟಾಬೇಸಿನ ವಿಳಾಸ, ಪಾಸ್‌ವರ್ಡು ಮೊದಲಾದವನ್ನು ಕೋಡಿನಿಂದ ಸರ್ವಥಾ ಬೇರ್ಪಡಿಸಿ, ಪ್ರೋಗ್ರಾಮು ನಡೆಯುವ ಪರಿಸರದ ವೇರಿಯಬಲ್ಲುಗಳಲ್ಲಿ ಇರಿಸಬೇಕೆಂಬುದು ಮೂರನೆಯ ಸೂತ್ರ. ಯಾವ ಪ್ರೊಸೆಸ್ಸೂ ತನ್ನ ನೆನಪಿನಲ್ಲಾಗಲಿ ತನ್ನ ಡಿಸ್ಕಿನಲ್ಲಾಗಲಿ ಬಾಳತಕ್ಕ ವಸ್ತುವನ್ನು ಇಟ್ಟುಕೊಳ್ಳದೆ, ಅದನ್ನು ಡೇಟಾಬೇಸಿನಂತಹ ಹೊರಗಿನ ಸೇವೆಗೆ ಒಪ್ಪಿಸಬೇಕೆಂಬುದು ಆರನೆಯದು. ಪ್ರೊಸೆಸ್ಸು ಕ್ಷಣಮಾತ್ರದಲ್ಲಿ ಏಳಬಲ್ಲುದೂ, ಅಪ್ಪಣೆಯಾದೊಡನೆ ಕೈಯಲ್ಲಿದ್ದ ಕೆಲಸವನ್ನು ಮುಗಿಸಿ ಮರ್ಯಾದೆಯಿಂದ ಅಳಿಯಬಲ್ಲುದೂ ಆಗಿರಬೇಕೆಂಬುದು ಒಂಬತ್ತನೆಯದು. ಕಿಟಕಿ ತೆರೆದಿರುವಷ್ಟು ಕಾಲವೂ ವೇರಿಯಬಲ್ಲಿನಲ್ಲಿ ಮೌಲ್ಯ ಉಳಿದಿರುವುದೆಂದು ನಂಬಿ, ವಿಂಡೋಸಿನ ರಿಜಿಸ್ಟ್ರಿಯಲ್ಲಿ ಸೆಟ್ಟಿಂಗುಗಳನ್ನು ಬರೆದಿಟ್ಟು ಬಂದವನಿಗೆ, ಬಳಕೆದಾರನ ಮೊದಲ ಕೋರಿಕೆ ಪ್ರೋಗ್ರಾಮಿನ ಒಂದು ಪ್ರತಿಗೂ ಎರಡನೆಯದು ಇನ್ನೊಂದು ಪ್ರತಿಗೂ ಹೋಗಬಹುದಾದ ಲೋಕದಲ್ಲಿ ಆ ನಂಬಿಕೆ ಏಕೆ ನಿಲ್ಲದೆಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ.

ನಿರೂಪಣೆಯೂ ಶ್ಲಾಘ್ಯವಾದದ್ದು. ವಿಧಿಯನ್ನು ಹೇಳಿ ಸುಮ್ಮನಾಗದೆ, ಅದನ್ನು ಪರೀಕ್ಷಿಸಿಕೊಳ್ಳುವ ಒರೆಗಲ್ಲನ್ನೂ ಗ್ರಂಥಕಾರರು ಕೆಲವೆಡೆ ಕೊಡುತ್ತಾರೆ: ಯಾವ ಗುಟ್ಟೂ ಬಯಲಾಗದಂತೆ ಕೋಡನ್ನು ಈ ಕ್ಷಣವೇ ಲೋಕಕ್ಕೆಲ್ಲ ತೆರೆದಿಡಬಹುದೆ ಎಂದು ಕೇಳಿಕೊಂಡರೆ, ಮೂರನೆಯ ಸೂತ್ರ ಪಾಲನೆಯಾಗಿದೆಯೋ ಇಲ್ಲವೋ ಎಂಬುದು ಒಡನೆಯೇ ವಿಶದವಾಗುತ್ತದೆ. ಇಂತಹ ಸ್ಪಷ್ಟತೆ ಈ ಕ್ಷೇತ್ರದ ಬರಹಗಳಲ್ಲಿ ಸುಲಭವಾಗಿ ದೊರೆಯತಕ್ಕದ್ದಲ್ಲ.

ದೋಷಗಳ ಕಡೆಗೆ ಬರೋಣ. ಹೆರೋಕುವಿನಲ್ಲಿ ಪ್ರತಿಯೊಂದು ಪ್ರೊಸೆಸ್ಸನ್ನೂ ದಿನಕ್ಕೊಮ್ಮೆಯಾದರೂ ನಿಲ್ಲಿಸಿ ಮತ್ತೆ ಎಬ್ಬಿಸುವ ಪದ್ಧತಿಯಿತ್ತು. ಹಾಗೆ ನಿಂತಾಗ ಅದರ ಡಿಸ್ಕಿನಲ್ಲಿ ಬರೆದುದೆಲ್ಲ ಅಳಿದುಹೋಗುತ್ತಿತ್ತು. ಆರನೆಯ ಒಂಬತ್ತನೆಯ ಸೂತ್ರಗಳು ಈ ವ್ಯವಸ್ಥೆಗೆ ಕರಾರುವಾಕ್ಕಾಗಿ ಹೊಂದುತ್ತವೆ. ತಮ್ಮ ಅನುಭವದ ಮೂಲವನ್ನು ಗ್ರಂಥಕಾರರು ಮುಚ್ಚಿಟ್ಟಿಲ್ಲವೆಂಬುದು ನಿಜ. ಆದರೂ ಒಂದು ಛತ್ರದ ಕಟ್ಟಳೆಗಳು ಸಾರ್ವತ್ರಿಕ ಧರ್ಮವೆಂಬ ಧ್ವನಿಯಲ್ಲಿ ಘೋಷಿತವಾಗಿವೆಯೆಂಬ ಆಕ್ಷೇಪಕ್ಕೆ ಎಡೆಯುಂಟು. ಪರಿಸರದ ವೇರಿಯಬಲ್ಲುಗಳು ಒಂದು ಪ್ರೊಸೆಸ್ಸು ಹುಟ್ಟಿಸಿದ ಇತರ ಪ್ರೊಸೆಸ್ಸುಗಳಿಗೂ ಹರಿದುಹೋಗುವುದರಿಂದಲೂ, ದೋಷವರದಿಗಳಲ್ಲಿ ಅಕಸ್ಮಾತ್ತಾಗಿ ಹೊರಬೀಳಬಹುದಾದುದರಿಂದಲೂ, ಪಾಸ್‌ವರ್ಡುಗಳಿಗೆ ಪ್ರತ್ಯೇಕವಾದ ರಹಸ್ಯಕೋಶಗಳನ್ನೇ ಈಗ ಅನೇಕರು ಆಶ್ರಯಿಸುತ್ತಾರೆ. ದೃಢೀಕರಣ, ಅಧಿಕಾರನಿರ್ಣಯ, ವ್ಯವಸ್ಥೆಯ ಆರೋಗ್ಯವನ್ನು ದೂರದಿಂದ ಅಳೆಯುವ ಬಗೆ ಇವುಗಳ ಪ್ರಸ್ತಾಪವೇ ಕೃತಿಯಲ್ಲಿ ಇಲ್ಲವೆನ್ನಬಹುದು. 2016ರಲ್ಲಿ ಕೆವಿನ್ ಹಾಫ್‌ಮನ್ ಅವರು ಸೂತ್ರಗಳ ಸಂಖ್ಯೆಯನ್ನು ಹದಿನೈದಕ್ಕೇರಿಸಿದುದು ಈ ನ್ಯೂನತೆಯನ್ನು ಮನಗಂಡೇ. ಗಂಟೆಗಂಟೆಗೂ ಏರುವ ಬಾಡಿಗೆಯ ಲೆಕ್ಕವನ್ನೂ ಯಾವ ಸೂತ್ರವೂ ಮುಟ್ಟುವುದಿಲ್ಲ.

ಇವೆಲ್ಲಕ್ಕಿಂತ ಗುರುತರವಾದ ಕೊರತೆ ಮತ್ತೊಂದು. ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕೃತಿ ಹೇಳುತ್ತದೆ. ಕ್ಲೌಡಿನಲ್ಲಿ ಪ್ರೋಗ್ರಾಮು ಹೇಗೆ ಕೆಡುತ್ತದೆಂಬುದನ್ನು ಬೋಧಿಸುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಒಂದು ಫಂಕ್ಷನ್ನನ್ನು ಕರೆದರೆ ಅದು ಉತ್ತರ ಕೊಡುತ್ತದೆ, ಇಲ್ಲವೆ ಪ್ರೋಗ್ರಾಮು ಪೂರ್ತಿಯಾಗಿ ಕುಸಿಯುತ್ತದೆ. ನೆಟ್‌ವರ್ಕಿನಾಚೆಯ ಸೇವೆಯೊಂದಕ್ಕೆ, ಗ್ರಾಹಕನ ಖಾತೆಯಿಂದ ಹಣ ಕಳೆಯೆಂದು ಕೋರಿಕೆ ಕಳುಹಿಸಿ, ಉತ್ತರವೇ ಬಾರದಿದ್ದರೆ, ಕೋರಿಕೆ ತಲುಪಲಿಲ್ಲವೋ, ತಲುಪಿ ಹಣ ಕಳೆದ ಮೇಲೆ ಉತ್ತರ ಮಾತ್ರ ಕಳೆದುಹೋಯಿತೋ ತಿಳಿಯುವಂತಿಲ್ಲ. ಮತ್ತೆ ಕಳುಹಿಸಿದರೆ ಎರಡು ಸಲ ಹಣ ಹೋದೀತು. ಬಿಟ್ಟರೆ ಒಂದು ಸಲವೂ ಹೋಗದಿರಬಹುದು. ಪ್ರತಿ ಕೋರಿಕೆಗೂ ಅನನ್ಯವಾದ ಗುರುತನ್ನು ಕೊಟ್ಟು, ಪುನರುಕ್ತಿಯನ್ನು ನಿರಪಾಯಗೊಳಿಸುವ ಎಚ್ಚರ ಇಲ್ಲಿ ಅನಿವಾರ್ಯ. ಈ ಭಾಗಶಃ ವೈಫಲ್ಯದ ತತ್ತ್ವವನ್ನು ಸನ್ ಮೈಕ್ರೋಸಿಸ್ಟಮ್ಸಿನ ಜಿಮ್ ವಾಲ್ಡೊ ಮತ್ತು ಅವರ ಮೂವರು ಸಂಗಡಿಗರು, ಕ್ಲೌಡೆಂಬುದು ರೂಢಿಗೆ ಬರುವುದಕ್ಕೆ ಬಹು ಮುಂಚೆಯೇ, 1994ರ ‘ಎ ನೋಟ್ ಆನ್ ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್’ ಎಂಬ ಪ್ರಬಂಧದಲ್ಲಿ ಪ್ರತಿಪಾದಿಸಿದ್ದಾರೆ: ಒಂದೇ ಯಂತ್ರದೊಳಗಿನ ಕರೆಯನ್ನೂ ಯಂತ್ರಯಂತ್ರಗಳ ನಡುವಣ ಕರೆಯನ್ನೂ ಒಂದೇ ಎಂಬಂತೆ ಕಾಣುವ ವಿನ್ಯಾಸ ಮೂಲದಲ್ಲಿಯೇ ತಪ್ಪು. ಡೆಸ್ಕ್‌ಟಾಪಿನಿಂದ ಹೊರಟವನು ಹನ್ನೆರಡು ಸೂತ್ರಗಳಿಗೆ ಮೊದಲು ಈ ಪ್ರಬಂಧವನ್ನು ಓದುವುದು ಮೇಲು; ಆಗ ಸೂತ್ರಗಳ ಹಿಂದಿರುವ ಕಾರಣ ತಾನಾಗಿಯೇ ಗೋಚರಿಸುತ್ತದೆ.

ಹಳೆಯ ವೃತ್ತಿಯ ಸಂಸ್ಕಾರವೆಲ್ಲ ತ್ಯಾಜ್ಯವೆಂದು ತಿಳಿಯುವುದೂ ಅವಿವೇಕ. ಬಳಕೆದಾರನ ಬೆರಳೊತ್ತಿಗೆ ಪರದೆ ತಡೆಯಿಲ್ಲದೆ ಉತ್ತರಿಸಬೇಕೆಂದು, ದೀರ್ಘವಾದ ಕೆಲಸವನ್ನು ಬೇರೊಂದು ಥ್ರೆಡ್ಡಿಗೆ ಒಪ್ಪಿಸಿ ಅಭ್ಯಾಸವಾದವನಿಗೆ, ಕ್ಲೌಡಿನ ಸಂದೇಶಸರದಿಗಳ ತರ್ಕ ಅಪರಿಚಿತವೇನಲ್ಲ. ಬೆಂಗಳೂರನ್ನು ನೆಲೆಯಾಗಿಸಿಕೊಂಡ, 1986ರಷ್ಟು ಹಿಂದಣ ಟ್ಯಾಲಿ ಸಂಸ್ಥೆಯ ಲೆಕ್ಕದ ತಂತ್ರಾಂಶ ಇಂದಿಗೂ ವರ್ತಕರ ಸ್ವಂತ ಕಂಪ್ಯೂಟರಿನಲ್ಲಿಯೇ ಬಹುಮಟ್ಟಿಗೆ ನಡೆಯುತ್ತಿದೆ. ಇಂಟರ್‌ನೆಟ್ ನಿಂತರೂ ಬಿಲ್ಲು ಹಾಕುವುದು ನಿಲ್ಲದಿರುವುದು ಅಂಗಡಿಯವನಿಗೆ ಅಲ್ಪವಾದ ಗುಣವಲ್ಲ. ಹಳೆಯ ಸಂಸ್ಕಾರ ತ್ಯಾಜ್ಯವಲ್ಲವೆಂಬುದಕ್ಕೆ ಬಲವಾದ ಸಾಕ್ಷ್ಯ ಸ್ವತಃ ಸೂತ್ರಕಾರರಿಂದಲೇ ಒದಗಿದೆ. 2019ರಲ್ಲಿ ಮಾರ್ಟಿನ್ ಕ್ಲೆಪ್‌ಮನ್ ಮೊದಲಾದವರೊಡನೆ ವಿಗ್ಗಿನ್ಸ್ ಅವರು ಪ್ರಕಟಿಸಿದ ‘ಲೋಕಲ್-ಫಸ್ಟ್ ಸಾಫ್ಟ್‌ವೇರ್’ ಎಂಬ ಪ್ರಬಂಧದಲ್ಲಿ, ದತ್ತಾಂಶದ ಮುಖ್ಯ ಪ್ರತಿ ಬಳಕೆದಾರನ ಯಂತ್ರದಲ್ಲಿಯೇ ಇರತಕ್ಕದ್ದು, ನೆಟ್‌ವರ್ಕು ಇಲ್ಲದಿದ್ದರೂ ಕೆಲಸ ಸಾಗತಕ್ಕದ್ದು, ದತ್ತಾಂಶದ ಒಡೆತನ ಅದರ ಕರ್ತೃವಿನದೇ ಆಗಿರತಕ್ಕದ್ದು ಎಂಬ ಆದರ್ಶಗಳನ್ನು ಮಂಡಿಸಲಾಗಿದೆ. ಹನ್ನೆರಡು ಸೂತ್ರಗಳು ಸರ್ವರಿನ ಬದಿಯವು, ಈ ಪ್ರಬಂಧ ಬಳಕೆದಾರನ ಬದಿಯದು. ಆದುದರಿಂದ ಇವುಗಳಲ್ಲಿ ವಿರೋಧವನ್ನು ಹುಡುಕಬೇಕಾಗಿಲ್ಲ. ಆದರೆ ಯಂತ್ರದಲ್ಲಿ ಏನನ್ನೂ ಇಡಬೇಡವೆಂದು ಕಲಿಸಿದ ಲೇಖನಿಯೇ, ಯಾರ ಯಂತ್ರದಲ್ಲಿ ಏನು ಇರಬೇಕೆಂಬ ಪ್ರಶ್ನೆಗೆ ಮರಳಿದುದು ಗಮನಾರ್ಹ.

ಆದುದರಿಂದ ಈ ಕೃತಿಯನ್ನು ಆಚಾರಸಂಹಿತೆಯೆಂದು ಗ್ರಹಿಸಿದರೆ ಅದರ ಯೋಗ್ಯತೆ ಹಿರಿದು. ಸಂಪೂರ್ಣ ಶಾಸ್ತ್ರವೆಂದು ಗ್ರಹಿಸಿದರೆ ಅದು ಹೊರಲಾರದ ಹೊರೆ. ಹನ್ನೆರಡನ್ನೂ ಕಂಠಪಾಠ ಮಾಡಿ ಸಂದರ್ಶನದಲ್ಲಿ ಒಪ್ಪಿಸುವ ಅಭ್ಯರ್ಥಿಗಿಂತ, ತಾನು ಬರೆದ ಹಳೆಯ ಪ್ರೋಗ್ರಾಮೊಂದನ್ನು ಮುಂದಿಟ್ಟುಕೊಂಡು, ಇದರಲ್ಲಿ ನೆನಪು ಎಲ್ಲೆಲ್ಲಿ ಅಡಗಿದೆ, ಅದರಲ್ಲಿ ಯಾವುದು ಸರ್ವರಿನ ಪಾಲು, ಯಾವುದು ಬಳಕೆದಾರನ ಸ್ವತ್ತು ಎಂದು ಬಿಡಿಸಿ ನೋಡಬಲ್ಲವನು ಹೊಸ ವೃತ್ತಿಯನ್ನು ಬೇಗ ಕೈವಶ ಮಾಡಿಕೊಳ್ಳುತ್ತಾನೆ. ಆ ವಿಭಾಗವನ್ನು ಮಾಡುವುದಕ್ಕೆ ಎರಡು ಲೋಕಗಳನ್ನೂ ಬಲ್ಲವನಷ್ಟು ಅರ್ಹನು ಬೇರೊಬ್ಬನಿಲ್ಲ.