‘ಬೆಟ್ಟದ ಜೀವ’ದಲ್ಲಿ ಮನೋವ್ಯಥೆಯ ಉಪಚಾರ

ಶಿವರಾಮ ಕಾರಂತರ ‘ಬೆಟ್ಟದ ಜೀವ’ವು 1943ರಲ್ಲಿ ಪ್ರಕಟವಾಯಿತು. ಅಂದಿನಿಂದ ಅದನ್ನು ಓದಿ ಮೆಚ್ಚಿದವರು ಬಹುಮಟ್ಟಿಗೆ ಒಂದೇ ಕಾರಣಕ್ಕಾಗಿ ಮೆಚ್ಚಿರುವರು. ಕಾಡನ್ನು ಸವರಿ ತೋಟವನ್ನೆಬ್ಬಿಸಿದ ಗೋಪಾಲಯ್ಯನವರ ಸಾಹಸ, ಮಳೆ ಆನೆ ಹುಲಿಗಳ ನಡುವೆ ಎದೆಗುಂದದೆ ಬಾಳುವ ಮನುಷ್ಯನ ಹಿರಿಮೆ, ಇವೇ ಆ ಮೆಚ್ಚಿಕೆಗೆ ವಿಷಯ. ಅದು ಯುಕ್ತವೇ ಸರಿ. ಆದರೆ ಅಷ್ಟಕ್ಕೇ ನಿಂತರೆ ಕೃತಿಯ ಅರ್ಧವನ್ನು ಮಾತ್ರ ಓದಿದಂತಾಗುತ್ತದೆ. ಆ ಸಾಹಸದ ಅಡಿಯಲ್ಲಿ ಒಂದು ಅಳಲು ಹರಿಯುತ್ತಿದೆ. ಅದಕ್ಕೆ ಕಿವಿಗೊಡುವವನೊಬ್ಬನು ಬಂದುದರಿಂದಲೇ ಕಥೆ ಕಥೆಯಾಯಿತು.

ಕಥೆಯ ಹಂದರ ಸರಳವಾದುದು. ಸುಬ್ರಹ್ಮಣ್ಯದ ಸೀಮೆಯಲ್ಲಿ ದಾರಿ ತಪ್ಪಿದ ಪಯಣಿಗನೊಬ್ಬನು ಗೋಪಾಲಯ್ಯನವರ ಮನೆಯನ್ನು ಸೇರುತ್ತಾನೆ. ಬಿಸಿನೀರು, ಊಟ, ಹಾಸಿಗೆಗಳ ಉಪಚಾರ ಧಾರಾಳವಾಗಿ ನಡೆಯುತ್ತದೆ. ಒಂದಿರುಳಿನ ತಂಗು ಕೆಲವು ದಿನಗಳಿಗೆ ಬೆಳೆಯುತ್ತದೆ. ಆ ದಿನಗಳಲ್ಲಿ ಮನೆಯ ಮಾತು ಎತ್ತೆತ್ತ ಹೋದರೂ ಕೊನೆಗೆ ಹೊರಳುವುದು ಮನೆ ಬಿಟ್ಟುಹೋದ ಮಗ ಶಂಭುವಿನ ಕಡೆಗೆ. ಗೋಪಾಲಯ್ಯನವರು ನಗುತ್ತಾರೆ, ವಿನೋದದ ಮಾತಾಡುತ್ತಾರೆ, ಇಳಿವಯಸ್ಸಿನಲ್ಲಿಯೂ ತೋಟದ ಕನಸು ಕಾಣುತ್ತಾರೆ. ಶಂಕರಮ್ಮನವರಾದರೋ ನಗುವಿನ ಮರೆಯನ್ನೂ ಬಯಸುವವರಲ್ಲ. ದಂಪತಿಗಳಿಬ್ಬರ ದುಃಖ ಒಂದೇ. ಅದನ್ನು ಹೊರುವ ಬಗೆ ಎರಡು. ಈ ಭೇದವನ್ನು ಕಾರಂತರು ಎಲ್ಲಿಯೂ ವಿವರಿಸಿ ಹೇಳುವುದಿಲ್ಲ. ವಾಚಕನೇ ಕಂಡುಕೊಳ್ಳುವಂತೆ ಬಿಟ್ಟಿರುವುದು ಅವರ ಪಾತ್ರಪೋಷಣೆಯ ಗುಣ.

ಸತ್ತವನಿಗೆ ಉತ್ತರಕ್ರಿಯೆಯುಂಟು, ವರ್ಷಕ್ಕೊಮ್ಮೆ ಶ್ರಾದ್ಧವುಂಟು. ಅಳುವುದಕ್ಕೆ ಒಂದು ದಿನವೂ ಅಳುವನ್ನು ನಿಲ್ಲಿಸುವುದಕ್ಕೆ ಒಂದು ದಿನವೂ ಉಂಟು. ಇದ್ದೂ ಇಲ್ಲದವನಾದ ಮಗನಿಗಾಗಿ ಅಳುವವರಿಗೆ ಅಂತಹ ಅವಧಿಯಿಲ್ಲ. ಅಮೆರಿಕದ ವಿದುಷಿ ಪಾಲಿನ್ ಬಾಸ್ ಅವರು ಈ ಬಗೆಯ ನೋವನ್ನು ಪ್ರತ್ಯೇಕವಾಗಿ ಗುರುತಿಸಿ ಅದಕ್ಕೊಂದು ಹೆಸರನ್ನು ಕೊಟ್ಟುದು 1970ರ ದಶಕದಲ್ಲಿ. ಕನ್ನಡದಲ್ಲಿ ಅದನ್ನು ‘ಮುಗಿಯದ ಅಗಲಿಕೆ’ ಎನ್ನಬಹುದು. ಶಾಸ್ತ್ರವು ಹೆಸರಿಡುವುದಕ್ಕೆ ಸುಮಾರು ಮೂರು ದಶಕಗಳ ಮುನ್ನವೇ ಪುತ್ತೂರಿನಲ್ಲಿ ನೆಲೆಸಿದ್ದ ಒಬ್ಬ ಕಾದಂಬರಿಕಾರರು ಆ ನೋವನ್ನು ಅಡಕೆ ತೋಟದ ಒಂಟಿಮನೆಯೊಂದರಲ್ಲಿ ಕಂಡು ಬರೆದಿದ್ದರು.

ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ, ಆಪತ್ತಿಗೆ ಸಿಕ್ಕಿದವರ ಮನಸ್ಸಿಗೆ ಪ್ರಥಮ ಚಿಕಿತ್ಸೆ ಮಾಡುವ ಕಾರ್ಯಕರ್ತರಿಗೆಂದು ಒಂದು ಕೈಪಿಡಿಯನ್ನು ಹೊರತಂದಿತು. ಅದರ ಸೂತ್ರ ಮೂರೇ ಮಾತಿನದು: ನೋಡು, ಆಲಿಸು, ಜೋಡಿಸು. ನೊಂದವರನ್ನು ಮಾತನಾಡುವಂತೆ ಬಲಾತ್ಕರಿಸಬಾರದು, ಸುಳ್ಳು ಭರವಸೆಯನ್ನು ಕೊಡಬಾರದು ಎಂದೂ ಅದು ವಿಧಿಸುತ್ತದೆ. ಈ ಒರೆಗಲ್ಲಿಗೆ ಕಾದಂಬರಿಯನ್ನು ತಿಕ್ಕಿ ನೋಡಿದರೆ ಅತಿಥಿಯ ಪಾತ್ರಕ್ಕೆ ಹೊಸದೊಂದು ಬೆಲೆ ಬರುತ್ತದೆ. ಅವನು ವೈದ್ಯನಲ್ಲ, ಉಪದೇಶಕನಲ್ಲ. ಅವನ ಮುಖ್ಯ ಕೆಲಸವೆಂದರೆ ಆ ಮನೆಯಲ್ಲಿ ಇದ್ದು, ಕಂಡುದನ್ನು ಕಾಣುವುದು, ಹೇಳಿದುದನ್ನು ಕೇಳುವುದು. ಗ್ರಂಥಕರ್ತರೂ ಅದೇ ಸಂಯಮವನ್ನು ಪಾಲಿಸಿದ್ದಾರೆ. ಮಗನನ್ನು ಮನೆಗೆ ಕರೆತಂದು, ವಾಚಕರ ಕಣ್ಣೊರಸಿ, ಕಥೆಯನ್ನು ಮಂಗಳವಾಗಿ ಮುಗಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡ ಸಂಕಟವನ್ನು ಆ ವೃದ್ಧರು ದಾರಿಹೋಕನೊಬ್ಬನ ಮುಂದೆ ತೋಡಿಕೊಂಡುದೇಕೆ? ಅವನು ದಾರಿಹೋಕನಾದುದರಿಂದಲೇ ಎಂಬುದು ಉತ್ತರ. ನೆರೆಯವರಿಗೆ ಹೇಳಿದ ಮಾತು ದೇವಸ್ಥಾನದ ಜಗಲಿಗೂ ಮದುವೆಯ ಚಪ್ಪರಕ್ಕೂ ಹೋದೀತೆಂಬ ಅಂಜಿಕೆ ಮಾನವಂತರ ಮನೆಗಳಲ್ಲಿ ಇದ್ದೇ ಇರುತ್ತದೆ. ನಾಳೆ ಹೊರಟುಹೋಗುವವನಲ್ಲಿ ಆ ಅಂಜಿಕೆಯಿಲ್ಲ. ಆದರೆ ಹೊರಟುಹೋಗುವವನು ಆಲಿಸಬಲ್ಲನೇ ಹೊರತು ನೋಡಿಕೊಳ್ಳಲಾರನು. ಆ ಮನೆಯ ಆಧಾರವೆಂದರೆ ಗೋಪಾಲಯ್ಯನವರು ಮಗನಂತೆ ನೆಲೆಗೊಳಿಸಿದ ನಾರಾಯಣ ಮತ್ತು ಅವನ ಹೆಂಡತಿ ಲಕ್ಷ್ಮಿ. ಅವರು ಉಳಿದರೆ ಮುದುಕರ ಬಾಳಿಗೆ ಆಸರೆಯುಂಟು. ಅವರೂ ಹೋದರೆ ಮನೆ ಬರಿದು. ಆದುದರಿಂದ ಕಾದಂಬರಿಯಲ್ಲಿ ಉಪಚಾರ ಎರಡು ಬಗೆಯದು: ನೋವು ಬಾಯಿಬಿಡುವುದು ಅಪರಿಚಿತನ ಮುಂದೆ, ಅದು ಹಗುರಾಗುವುದು ನೆರೆಯವರ ನಿತ್ಯದ ಇರವಿನಿಂದ.

ಕೃತಿಯಲ್ಲಿ ಕೊರತೆಯೂ ಇಲ್ಲದಿಲ್ಲ. ಕಥೆಯೆಲ್ಲ ಅತಿಥಿಯ ಬಾಯಿಂದಲೇ ಬರುವುದರಿಂದ, ಗಂಡಸರ ಜಗಲಿಯ ಮಾತಿಗೆ ದೊರೆತ ವಿಸ್ತಾರ ಒಳಮನೆಯ ಮಾತಿಗೆ ದೊರೆಯಲಿಲ್ಲ. ಶಂಕರಮ್ಮನವರು ಲಕ್ಷ್ಮಿಯೊಡನೆ ಅಡುಗೆಮನೆಯಲ್ಲಿ ಏನನ್ನು ಆಡಿಕೊಂಡರೋ ಅದರ ಬಹುಪಾಲು ಅತಿಥಿಯ ಕಿವಿಗೆ ಬೀಳುವಂತಹುದಲ್ಲ. ಹೆಚ್ಚು ಬಾಡಿದ ಜೀವದ ಮಾತೇ ಕಡಿಮೆ ಕೇಳಿಸುವುದು ಈ ಕಥನಕ್ರಮದ ಮಿತಿ.

ಈ ವಿಮರ್ಶೆಗೆ ಸಾಹಿತ್ಯದಾಚೆಗೂ ಪ್ರಯೋಜನವುಂಟು. ಕಥೆ ನಡೆದ ಸೀಮೆ ಇಂದು ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲ್ಲೂಕುಗಳಾಗಿ ಹಂಚಿಹೋಗಿದೆ; ಸುಬ್ರಹ್ಮಣ್ಯವು ಈಗ ಕಡಬಕ್ಕೆ ಸೇರಿದೆ. ರಸ್ತೆ ಬಂದಿದೆ, ವಿದ್ಯುತ್ತು ಬಂದಿದೆ. ಒಂಟಿಮನೆಗಳು ಒಂಟಿಯಾಗಿಯೇ ಇವೆ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿ, ಅಡಕೆಗೆ ಕೊಳೆರೋಗ, ಮರಕ್ಕೆ ಹಳದಿ ಎಲೆ ರೋಗ ತಗುಲಿದ ತೋಟದಲ್ಲಿ ಮುದುಕರಿಬ್ಬರೇ ಉಳಿದ ಮನೆಗಳು ಅಪರೂಪವಲ್ಲ. ಇಂತಹ ಕಡೆ ಮನಸ್ಸು ಮುರಿಯುವ ಗಳಿಗೆ ಬಂದಾಗ ಬಾಗಿಲು ತಟ್ಟುವವರಾರು?

ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದ ಮಾದರಿಯಿಂದ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಮನೋವೈದ್ಯಕೀಯವನ್ನು ದೊಡ್ಡ ಆಸ್ಪತ್ರೆಯ ಗೋಡೆಯೊಳಗಿಂದ ಊರಿನ ಆರೋಗ್ಯ ಕೇಂದ್ರಕ್ಕೆ ತರುವುದು ಅದರ ಉದ್ದೇಶ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಯಾರಾದರೂ ಕರೆಮಾಡಬಹುದು. ಆ ದಿನಾಂಕವು ವಿಶ್ವ ಮಾನಸಿಕ ಆರೋಗ್ಯ ದಿನದ್ದು; 1902ರಲ್ಲಿ ಕಾರಂತರು ಜನಿಸಿದುದೂ ಅದೇ ದಿನಾಂಕದಂದು. ಫೋನಿನಲ್ಲಿ ಉತ್ತರಿಸುವ ಆಪ್ತ ಸಮಾಲೋಚಕರು ‘ಬೆಟ್ಟದ ಜೀವ’ದ ಅತಿಥಿಯ ಸ್ಥಾನದಲ್ಲಿರುವವರು. ಮುಖ ಕಾಣದ, ಊರಿನವರಲ್ಲದ ಅವರ ಮುಂದೆ ಬಾಯಿಬಿಡುವುದು ಸುಲಭ. ತೋಟದ ಸಂಕ ದಾಟಿ ಮನೆಗೆ ಬರುವ ಆಶಾ ಕಾರ್ಯಕರ್ತೆ ನಾರಾಯಣ–ಲಕ್ಷ್ಮಿಯರ ಸ್ಥಾನದವಳು. ಮಾತ್ರೆ ತಪ್ಪಿತೆ, ಊಟ ಬಿಟ್ಟಿದ್ದಾರೆಯೆ ಎಂಬುದು ತಿಳಿಯುವುದು ಅವಳಿಗೇ. ಒಳಮನೆಯ ಮಾತೂ ಅವಳಿಗೆ ಕೇಳಿಸುತ್ತದೆ. ಕಾದಂಬರಿಯ ಅತಿಥಿಗೆ ಆ ಅನುಕೂಲವಿರಲಿಲ್ಲ. ಆದರೆ ಕೇಳಿದ ಗುಟ್ಟನ್ನು ಕಾಯುವ ಹೊಣೆಯೂ ಅವಳ ಮೇಲೆ ಹೆಚ್ಚಾಗಿಯೇ ಬೀಳುತ್ತದೆ. ಒಬ್ಬರಿಂದ ಇನ್ನೊಬ್ಬರ ಕೆಲಸ ಆಗದು. ಕರೆ ಕೇಳಿದವರಿಂದ ಬಾಗಿಲು ತಟ್ಟುವವರಿಗೆ, ನೊಂದವರ ಒಪ್ಪಿಗೆಯೊಡನೆ, ಸುದ್ದಿ ಮುಟ್ಟದಿದ್ದರೆ ‘ಜೋಡಿಸು’ ಎಂಬ ಮೂರನೆಯ ಮಾತು ಕಾಗದದ ಮೇಲೆಯೇ ಉಳಿಯುತ್ತದೆ.

‘ಬೆಟ್ಟದ ಜೀವ’ವನ್ನು ಕೇವಲ ಸಾಹಸದ ಕಥೆಯೆಂದು ಹೊಗಳುವವರು ಗೋಪಾಲಯ್ಯನವರ ನಗುವನ್ನು ಅವರ ಮಾತಿನಂತೆಯೇ ನಂಬಿಬಿಡುತ್ತಾರೆ. ದುಃಖಿಗಳ ಶುಶ್ರೂಷೆಗೆ ಹೊರಟವರು ಮಾಡಬಾರದ ಮೊದಲ ತಪ್ಪು ಅದೇ. ನಗುವ ಯಜಮಾನರನ್ನೂ ಮಾತಾಡದ ಗೃಹಿಣಿಯನ್ನೂ ಒಟ್ಟಿಗೆ ನೋಡುವ ಕಣ್ಣನ್ನು ಈ ಕೃತಿ ಕೊಡುತ್ತದೆ. ಆ ಕಣ್ಣಿನಿಂದ ಓದಿದವರಿಗೆ ಪುಸ್ತಕ ಮುಚ್ಚಿದ ಮೇಲೆ ನೆರೆಮನೆಯ ದೀಪವೂ ಬೇರೆಯಾಗಿ ಕಾಣುತ್ತದೆ.